ಬರಿಗಾಲಲ್ಲಿ ಕ್ಲಚ್ಚು ನೋಡುತ್ತಿದ್ದವನು

ನನ್ನ ಅಣ್ಣನ ಎಡಗಾಲು ಬಲಗಾಲಿಗಿಂತ ಚೊಕ್ಕವಾಗಿರುತ್ತಿತ್ತು. ಬಲಗಾಲಿನ ಹಿಮ್ಮಡಿಯಲ್ಲಿ ಗ್ರೀಸು ಕೂತು ಕಪ್ಪಾಗಿದ್ದರೂ ಎಡಗಾಲನ್ನು ಅವನು ತೆಂಗಿನ ನಾರು ಹಾಕಿ ಉಜ್ಜಿ ತೊಳೆಯುತ್ತಿದ್ದ. ಯಾರಾದರೂ ಕಾರು ತಂದು ನಮ್ಮ ಶೆಡ್ಡಿನ ಮುಂದೆ ನಿಲ್ಲಿಸಿ, "ಗೇರು ಬೀಳುದಿಲ್ಲ ಮೇಸ್ತ್ರಿ, ಕರಕರ ಅಂತದೆ" ಎಂದರೆ ಅವನು ಮೊದಲು ಬಾನೆಟ್ಟು ತೆರೆಯುತ್ತಿರಲಿಲ್ಲ. ಬಾವಿಕಟ್ಟೆಗೆ ಹೋಗಿ ಎಡಗಾಲಿಗೆ ನೀರು ಹೊಯ್ದು, ಬೈರಾಸಿನಲ್ಲಿ ಒರೆಸಿಕೊಂಡು ಬಂದು ಡ್ರೈವರನ ಸೀಟಿನಲ್ಲಿ ಕೂರುತ್ತಿದ್ದ.

"ದೇವಸ್ಥಾನಕ್ಕೆ ಹೊರಟದ್ದಾ ಮೇಸ್ತ್ರಿ?" ಎಂದು ಡ್ರೈವರುಗಳು ತಮಾಷೆ ಮಾಡುತ್ತಿದ್ದರು.

"ದೇವಸ್ಥಾನಕ್ಕಾದ್ರೆ ಎರಡೂ ಕಾಲು ತೊಳೀತಿದ್ದೆ" ಎನ್ನುತ್ತಿದ್ದ ಅಣ್ಣ.

ಆಮೇಲೆ ಬರಿಗಾಲಿನಿಂದ ಪೆಡಲನ್ನು ಮೆಲ್ಲಗೆ ಒತ್ತುವನು. ಮಗುವಿನ ಹೊಟ್ಟೆ ಒತ್ತಿ ನೋಡುವ ಅಜ್ಜಿಯಂತೆ ತಲೆ ಒಂದು ಕಡೆಗೆ ವಾಲಿಸಿ, ಎಲ್ಲಿಯೋ ನೋಡುತ್ತಾ ಒತ್ತುವನು. ಆಗ ಯಾರೂ ಮಾತಾಡಬಾರದು.

ಅವನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಆ ಹೆಸರಿಗೆ ನಾನು ಮಾಡಿದ್ದು ಸಾಕು. ಅವನು ತೀರಿಕೊಂಡ ಮೇಲೆ ಅವನ ಮಗ ಬಂದು, "ಅತ್ತೆ, ಅಪ್ಪನ ವಿಷಯ ನಿಮಗೆ ನೆನಪಿರುವುದನ್ನು ಬರೆದುಕೊಡಿ, ನಮಗೆ ಅವರ ಶೆಡ್ಡಿನ ಕಾಲ ಗೊತ್ತೇ ಇಲ್ಲ" ಎಂದ. ನಾನು ಐದನೆಯ ಕ್ಲಾಸಿನವರೆಗೆ ಕಲಿತವಳು. ಮನೆಯಲ್ಲಿ ನಾವು ಆಡುವುದು ತುಳು, ಬರೆಯಲು ಬರುವುದು ಶಾಲೆಯಲ್ಲಿ ಕಲಿತ ಕನ್ನಡ. ಗೊತ್ತಿರುವಷ್ಟರಲ್ಲಿ ಬರೆಯುತ್ತೇನೆ.

ನಮ್ಮ ಮನೆ ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ, ಸಿದ್ಧಕಟ್ಟೆಗೆ ಸ್ವಲ್ಪ ಈಚೆಗೆ ಇತ್ತು. ಅಣ್ಣ ಮಂಗಳೂರಿನ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಕಲಿತು ಬಂದು ಮನೆಯ ಪಕ್ಕದಲ್ಲೇ ಶೆಡ್ಡು ಹಾಕಿದ. ಆಗ ನಮ್ಮ ಕಡೆ ಕಾರುಗಳೇ ಕಡಿಮೆ. ಇದ್ದವೆಲ್ಲ ಹಳೆಯವು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂದವು. ಅವುಗಳಲ್ಲಿ ಕೆಲವಕ್ಕೆ ಎಣ್ಣೆಯ ಕ್ಲಚ್ಚು. ಅದು ಹೇಗೆಂದು ಅಣ್ಣ ನನಗೆ ಹೇಳಿಕೊಟ್ಟದ್ದನ್ನೇ ಹೇಳುತ್ತೇನೆ. ಪೆಡಲು ಒತ್ತಿದರೆ ಮೇಲಿನ ಕೊಳವೆಯಲ್ಲಿ ಒಂದು ರಬ್ಬರಿನ ಬಟ್ಟಲು ಮುಂದೆ ಸರಿದು ಎಣ್ಣೆಯನ್ನು ದೂಡುತ್ತದೆ. ಎಣ್ಣೆ ಪೈಪಿನಲ್ಲಿ ಓಡಿ ಕೆಳಗಿನ ಕೊಳವೆಯ ಬಟ್ಟಲನ್ನು ದೂಡುತ್ತದೆ. ಅದು ಇಂಜಿನಿಗೂ ಗೇರಿಗೂ ನಡುವೆ ಒತ್ತಿಕೊಂಡಿರುವ ಕ್ಲಚ್ಚಿನ ಪ್ಲೇಟನ್ನು ಬಿಡಿಸುತ್ತದೆ, ಗೇರು ಬೀಳುತ್ತದೆ. ಎಣ್ಣೆ ಸೋರಿದರೆ, ಒಳಗೆ ಗಾಳಿ ಸೇರಿದರೆ, ರಬ್ಬರು ಸವೆದರೆ ಕ್ಲಚ್ಚು ಬಿಡುವುದಿಲ್ಲ. ಹೊರಗೆ ಕೇಳುವುದು ಮಾತ್ರ ಒಂದೇ ಕರಕರ. ಯಾವುದರಿಂದ ಎಂದು ಹೇಳುವುದೇ ಕೆಲಸ.

ಒಮ್ಮೆ ಒತ್ತಿದಾಗ ಪೆಡಲು ಸುಮ್ಮನೆ ಕೆಳಗೆ ಹೋಗಿ, ಕೂಡಲೇ ಇನ್ನೊಮ್ಮೆ ಒತ್ತಿದಾಗ ಗಟ್ಟಿಯಾದರೆ, "ಗಾಳಿ" ಎನ್ನುವನು. ಒತ್ತಿ ಹಿಡಿದ ಕಾಲು ಬೆಲ್ಲದ ಪಾಕದಲ್ಲಿ ಇಳಿದಂತೆ ತಾನಾಗಿ ಇಳಿಯುತ್ತಾ ಹೋದರೆ, ಹೊರಗೆ ಎಲ್ಲೂ ಒದ್ದೆ ಇಲ್ಲದಿದ್ದರೆ, "ಮೇಲಿನ ಬಟ್ಟಲು ಎಣ್ಣೆ ಬಿಟ್ಟುಕೊಡ್ತಾ ಉಂಟು." ಕೆಳಗಿನ ಕೊಳವೆಯ ರಬ್ಬರಿನ ಮುಸುಕನ್ನು ಸರಿಸಿ ಕಿರುಬೆರಳು ತೂರಿಸಿ ಮೂಸುವನು. ಅಲ್ಲಿ ಒದ್ದೆಯಾಗಿದ್ದರೆ ಕೆಳಗಿನದ್ದು. ಪೆಡಲು ಗಟ್ಟಿ, ಎಣ್ಣೆ ಸರಿ, ಆದರೂ ಗೇರು ಕರಕರ ಎಂದರೆ ಮಾತ್ರ, "ಇದು ಪ್ಲೇಟು. ಇಂಜಿನು ಇಳಿಸ್ಬೇಕು. ನನ್ನಲ್ಲಿ ಆಗುದಿಲ್ಲ, ಮಂಗಳೂರಿಗೆ ಹೋಗಿ" ಎಂದು ಎದ್ದುಬಿಡುವನು.

ಒಂದು ಸಲ ವಿಟ್ಲದ ಆಚೆ ಕನ್ಯಾನದಿಂದ ಒಂದು ಕಾರು ಬಂತು. ಪೆಡಲು ಒತ್ತಿದರೆ ಸರಿಯಾಗಿ ಮೇಲೆ ಬರುತ್ತಿರಲಿಲ್ಲ. ಅಣ್ಣ ಕಾಲಿಟ್ಟು ನೋಡಿದ, ಇಳಿದು ಎಣ್ಣೆಡಬ್ಬಿಯ ಮುಚ್ಚಳ ತೆಗೆದ. ಕಾರು ಉಸಿರು ಬಿಟ್ಟ ಹಾಗೆ ಸುಯ್ ಎಂದಿತು. ಆಯುಧಪೂಜೆಯ ದಿನ ಡ್ರೈವರು ಭಕ್ತಿಯಿಂದ ಸಿಕ್ಕಿದ್ದಕ್ಕೆಲ್ಲ ಗಂಧ ಹಚ್ಚಿದ್ದ. ಮುಚ್ಚಳದಲ್ಲಿ ಗಾಳಿಯಾಡಲು ಇರುವ ಸಣ್ಣ ತೂತು ಒಣಗಿದ ಗಂಧದಿಂದ ಮುಚ್ಚಿಹೋಗಿತ್ತು.

"ಹಣೆಗೆ ಹಚ್ಚು ಮಾರಾಯ, ಮೂಗಿನೊಳಗೆ ತುಂಬಿಸ್ಬೇಡ" ಎಂದು ಅಣ್ಣ ಸೂಜಿಯಿಂದ ತೂತು ಬಿಡಿಸಿ ಕಳಿಸಿದ. ಆ ಕಥೆಯನ್ನು ಅವನು ಬಂದವರಿಗೆಲ್ಲ ಹೇಳಿದ. ಪ್ರತಿ ಸಲ ಹೇಳುವಾಗಲೂ ಗಂಧ ಹೆಚ್ಚಾಗುತ್ತಿತ್ತು.

ಹೌದು, ಅವನಿಗೆ ಆ ಒಂದು ಕೆಟ್ಟ ಚಾಳಿ ಇತ್ತು. ಯಾರಾದರೂ ಪೆದ್ದುತನ ಮಾಡಿದರೆ ಊರಿಗೆಲ್ಲ ಹೇಳಿ ನಗಿಸುವುದು. ಅದರಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ, ನಗು ಮಾತ್ರ. ಒಮ್ಮೆ ಖಾಕಿ ಅಂಗಿಯವನೊಬ್ಬ ಅಂಗಳಕ್ಕೆ ಬಂದಾಗ ಪೊಲೀಸನೆಂದು ಹೆದರಿ ನಾನು ಬೈಹುಲ್ಲಿನ ಅಟ್ಟ ಹತ್ತಿ ಕೂತಿದ್ದೆ. ಬಂದವನು ಟಪಾಲಿನವನು. ಅಣ್ಣ ಅದನ್ನು ಎಷ್ಟು ಜನರಿಗೆ ಹೇಳಿದನೆಂದರೆ, ಮೂಡುಬಿದಿರೆಯಿಂದ ಬರುತ್ತಿದ್ದ ಡ್ರೈವರುಗಳು ಕೂಡ, "ಟಪಾಲಿನವ ಬಂದನಾ ಇವತ್ತು?" ಎಂದು ನನ್ನನ್ನು ಕೇಳುತ್ತಿದ್ದರು. ನಾನು ನಕ್ಕ ಹಾಗೆ ಮಾಡುತ್ತಿದ್ದೆ. ಒಳಗೆ ಉರಿಯುತ್ತಿತ್ತು.

ಡ್ರೈವರುಗಳಿಗೆ ನನ್ನ ಪರಿಚಯ ಯಾಕೆಂದರೆ, ಕ್ಲಚ್ಚಿನಿಂದ ಗಾಳಿ ತೆಗೆಯುವ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಕಾರಿನ ಅಡಿಯಲ್ಲಿ, ಒಬ್ಬರು ಪೆಡಲಿನ ಮೇಲೆ. ಪೆಡಲಿಗೆ ನಾನು. ಅಡಿಯಿಂದ ಅವನು "ಒತ್ತು" ಎಂದರೆ ನಾನು ಪೂರ್ತಿ ಒತ್ತಿ "ಒತ್ತಿದೆ" ಎನ್ನಬೇಕು. ಅವನು ಸ್ಕ್ರೂ ಸಡಿಲಿಸುವನು, ಗುಳ್ಳೆಗಳು ಹೊರಗೆ ಹೋಗುವವು. ಸ್ಕ್ರೂ ಬಿಗಿದು "ಬಿಡು" ಎಂದ ಮೇಲೆಯೇ ನಾನು ಬಿಟ್ಟು "ಬಿಟ್ಟೆ" ಎನ್ನಬೇಕು. ಮೊದಲೇ ಬಿಟ್ಟರೆ ಗಾಳಿ ಮತ್ತೆ ಒಳಗೆ. ನಡುನಡುವೆ ಮೇಲಿನ ಡಬ್ಬಿಗೆ ಎಣ್ಣೆ ತುಂಬಿಸುವುದೂ ನನ್ನ ಪಾಲಿಗೆ. ಅವನಿಗೆ ನಾನು ಕಾಣುವುದಿಲ್ಲ, ನನಗೆ ಅವನು ಕಾಣುವುದಿಲ್ಲ. ಬೇರೆ ಯಾರನ್ನು ಕೂರಿಸಿದರೂ ಅವನಿಗೆ ಸಮಾಧಾನವಿಲ್ಲ. "ನೀನು ಒತ್ತಿದೆ ಅಂದ್ರೆ ಒತ್ತಿದ್ದಿ. ಅವರು ಅಂದ್ರೆ ನಾನು ತಲೆ ಹೊರಗೆ ಹಾಕಿ ನೋಡ್ಬೇಕು" ಎನ್ನುತ್ತಿದ್ದ.

ಮದುವೆಗೆ ಬೆಳೆದ ಹುಡುಗಿಯನ್ನು ಕಂಡವರ ಕಾರಿನಲ್ಲಿ ಕೂರಿಸುತ್ತಾನೆ ಎಂದು ಅಮ್ಮನಿಗೆ ಸಿಟ್ಟು.

"ನಾಳೆ ಹೆಣ್ಣು ನೋಡ್ಲಿಕ್ಕೆ ಬಂದವರು ಎಂತ ಹೇಳಿಯಾರು?"

"ಕಾರು ನಿಂತಲ್ಲೇ ಇರ್ತದಲ್ಲ ಅಮ್ಮ. ಅವಳು ಎಲ್ಲಿಗೂ ಓಡಿಹೋಗುದಿಲ್ಲ" ಎನ್ನುವನು ಅಣ್ಣ.

ಆ ಎಣ್ಣೆಯ ವಿಷಯ ಹೇಳಬೇಕು. ಇಂಜಿನಿಗೆ ಹಾಕುವ ಎಣ್ಣೆ ಬೇರೆ, ಕ್ಲಚ್ಚಿಗೆ ಬೇರೆ. ಇಂಜಿನಿನ ಎಣ್ಣೆ ತಾಗಿದರೆ ರಬ್ಬರಿನ ಬಟ್ಟಲು ನೀರಲ್ಲಿ ನೆನೆದ ಕಡಲೆಯಂತೆ ಊದುತ್ತದೆ. ಅಣ್ಣ ಬಟ್ಟಲು ಮುಟ್ಟುವ ಮೊದಲು ಕೈಗೆ ಸಾಬೂನು ಹಾಕಿ ತೊಳೆಯುತ್ತಿದ್ದ. ಕ್ಲಚ್ಚಿನ ಎಣ್ಣೆ ಮಂಗಳೂರಿನಿಂದ ಸಣ್ಣ ಟಿನ್ನಿನಲ್ಲಿ ಬರಬೇಕು, ಬೇಕಾದಾಗ ಸಿಗುತ್ತಿರಲಿಲ್ಲ. ಅದಕ್ಕೆ ಅವನು ಹರಳೆಣ್ಣೆಗೆ ಸ್ಪಿರಿಟ್ ಕಲಸಿ ತಾನೇ ಮಾಡಿಡುತ್ತಿದ್ದ. ಸ್ಪಿರಿಟ್ ಸಿಗುವುದು ಅದಕ್ಕಿಂತ ಕಷ್ಟ. ನಮ್ಮ ಜಿಲ್ಲೆ ಮದ್ರಾಸಿನಿಂದ ಮೈಸೂರಿಗೆ ಸೇರಿದ ಮೇಲೂ ಪಾನನಿರೋಧ ಹೋಗಿರಲಿಲ್ಲ. ಬಂಟ್ವಾಳ ಪೇಟೆಯಲ್ಲಿ ಮೇಜು ಕುರ್ಚಿಗೆ ಪಾಲಿಶ್ ಹಾಕುವ ಆಚಾರಿಯೊಬ್ಬರ ಹತ್ತಿರ ಕೇಳಿ ತರುತ್ತಿದ್ದ. ಕಲಸಿದ ಬಾಟ್ಲಿ ಅಡುಗೆಮನೆಯಲ್ಲಿ ಅಕ್ಕಿಯ ಮಡಕೆಯ ಹಿಂದೆ ಇರುತ್ತಿತ್ತು. ಬಿರಡೆ ತೆಗೆದರೆ ಮನೆಯಿಡೀ ಸಾರಾಯಿ ಅಂಗಡಿಯ ವಾಸನೆ.

ಮೂಡುಬಿದಿರೆಯ ಒಬ್ಬ ಜೈನ ಧಣಿಗಳ ಕಾರಿನ ಸಂಗತಿ ಆಗ ಬಂತು. ಗೇರು ಬೀಳುತ್ತಿರಲಿಲ್ಲ. ಮಂಗಳೂರಿನ ವರ್ಕ್‌ಶಾಪಿನವರು ನೋಡಿ, ಪ್ಲೇಟು ಹೋಗಿದೆ, ಇಂಜಿನು ಇಳಿಸಬೇಕು ಎಂದಿದ್ದರು. ಧಣಿಗಳ ಮಗಳ ಮದುವೆ ಹತ್ತಿರ ಬಂದಿತ್ತು. ಅಷ್ಟು ದಿನ ಕಾರು ಬಿಟ್ಟುಕೊಡಲು ಮನಸ್ಸಿಲ್ಲದೆ ನಮ್ಮಲ್ಲಿಗೆ ತಂದರು. ಅಣ್ಣ ಕಾಲು ತೊಳೆದು ಕೂತ. ಬಹಳ ಹೊತ್ತು ಒತ್ತಿ ಹಿಡಿದ. ಕೆಳಗಿಳಿದು ಹೇಳಿದ:

"ಪ್ಲೇಟು ಹೊಸತರ ಹಾಗೆ ಉಂಟು ಧಣಿ. ಮೇಲಿನ ಬಟ್ಟಲು ಹೋಗಿದೆ, ಅಷ್ಟೆ."

"ಮಂಗಳೂರಿನವರಿಗೆ ಗೊತ್ತಾಗದ್ದು ನಿನ್ನ ಕಾಲಿಗೆ ಗೊತ್ತಾಯ್ತಾ?" ಎಂದರು ಧಣಿ. ಅವರ ಡ್ರೈವರು ಪಕ್ಕದಿಂದ, "ಮೇಸ್ತ್ರಿಯ ಕಾಲಿಗೆ ಕಣ್ಣುಂಟು ಧಣಿ" ಎಂದು ನಕ್ಕ.

ಅಣ್ಣನಿಗೆ ಆ ನಗು ತಾಗಿತು. ಅಷ್ಟು ಹೇಳಬಾರದಿತ್ತು ಅವನು. ಆದರೆ ಹೇಳಿದ. "ಪ್ಲೇಟು ಅಂತ ಆದ್ರೆ ನಾನು ಇನ್ನು ಯಾರ ಕಾರಿಗೂ ಕೈ ಹಾಕುದಿಲ್ಲ. ಇದು ನನ್ನ ಮಾತು."

ಹೊಸ ಬಟ್ಟಲು ಮಂಗಳೂರಿನಿಂದ ಬಂದ ಮೇಲೆ ಕಾರು ತರುವುದೆಂದು ಮಾತಾಯಿತು.

ಕಾರು ಬರುವ ಹಿಂದಿನ ದಿನ ಮಧ್ಯಾಹ್ನ ಅಣ್ಣನೂ ಅಮ್ಮನೂ ಮನೆಯಲ್ಲಿರಲಿಲ್ಲ. ನೆರೆಮನೆಯ ಅಕ್ಕ ಬೇಲಿಯಾಚೆಯಿಂದ ಓಡಿಬಂದಳು.

"ಪೊಲೀಸರು ಮನೆ ಮನೆ ನುಗ್ತಾ ಇದ್ದಾರೆ ಮಾರಾಯ್ತಿ! ಸಾರಾಯಿ ಹುಡುಕ್ಲಿಕ್ಕಂತೆ. ಮೇಲಿನ ಮನೆಯ ಮಡಕೆ ಎಲ್ಲ ಹೊರಗೆ ಹಾಕಿದ್ದಾರೆ."

ನಾನು ಅಡುಗೆಮನೆಗೆ ಓಡಿದೆ. ಅಕ್ಕಿಯ ಮಡಕೆಯ ಹಿಂದಿನ ಬಾಟ್ಲಿ ತೆಗೆದುಕೊಂಡು ಹೋಗಿ ಬಾಳೆಯ ಬುಡಕ್ಕೆ ಸುರಿದೆ. ವಾಸನೆ ಎದ್ದಿತು. ಅದರ ಮೇಲೆ ಸೆಗಣಿ ನೀರು ಚೆಲ್ಲಿದೆ. ಆಮೇಲೆ ಬಾಗಿಲ ಸಂದಿಯಲ್ಲಿ ನಿಂತು ಕಾದೆ. ಯಾರೂ ಬರಲಿಲ್ಲ. ಪೊಲೀಸರು ಮೇಲಿನ ಮನೆಯಿಂದಲೇ ರಸ್ತೆಗೆ ಇಳಿದು ಹೋಗಿದ್ದರು.

ಆಗ ನನಗೆ ಕಂಡದ್ದು ಪೊಲೀಸರಲ್ಲ, ಅಣ್ಣ ನಗುವುದು. ಈ ಕಥೆ ಮೂಡುಬಿದಿರೆಯವರೆಗೆ ಹೋಗುತ್ತದೆ, ಬೆಳ್ತಂಗಡಿಯವರೆಗೆ ಹೋಗುತ್ತದೆ. ಬೆಳ್ತಂಗಡಿಯಿಂದ ಆಗ ನನಗೊಂದು ಸಂಬಂಧ ಬಂದಿತ್ತು. ಖಾಲಿ ಬಾಟ್ಲಿಯನ್ನು ಶೆಡ್ಡಿಗೆ ಒಯ್ದು, ಹೊಸ ಇಂಜಿನ್ ಎಣ್ಣೆಯ ಟಿನ್ನಿನಿಂದ ತುಂಬಿಸಿ, ಮಡಕೆಯ ಹಿಂದೆ ಇಟ್ಟೆ. ಬಣ್ಣ ಹೆಚ್ಚು ಕಡಿಮೆ ಒಂದೇ. ಅಣ್ಣ ಅದನ್ನು ಮುಟ್ಟುವ ಮೊದಲು ಒಂದು ಸಮಯ ನೋಡಿ ಮೆಲ್ಲ ಹೇಳುವ ಎಂದುಕೊಂಡೆ. ಬಟ್ಟಲಿನ ಜೊತೆ ಮಂಗಳೂರಿನಿಂದ ಒಂದು ಟಿನ್ನು ಒಳ್ಳೆಯ ಎಣ್ಣೆಯೂ ಬಂದಿತ್ತು. ನಾಳೆಗೆ ಅದೇ ಸಾಕಾಗುತ್ತದೆ ಎಂದೂ ಎಣಿಸಿದೆ.

ಮರುದಿನ ಹೊಸ ಬಟ್ಟಲು ಹಾಕಿದ. ನಾನು ಪೆಡಲಿನಲ್ಲಿ ಕೂತೆ. ಒತ್ತು, ಒತ್ತಿದೆ, ಬಿಡು, ಬಿಟ್ಟೆ. ಧಣಿ ಕೊಡೆ ಊರಿಕೊಂಡು ಅಲ್ಲೇ ನಿಂತಿದ್ದರು, ಡ್ರೈವರು ಬೀಡಿ ಸೇದುತ್ತಾ ನಿಂತಿದ್ದ. ಗಾಳಿ ಎಲ್ಲ ಹೋಯಿತು, ಪೆಡಲು ಕಲ್ಲಿನ ಹಾಗೆ ನಿಂತಿತು. ಟಿನ್ನು ಮುಗಿದಿತ್ತು. ಮೇಲಿನ ಡಬ್ಬಿ ಅರ್ಧ ಖಾಲಿ.

"ಬಾಟ್ಲಿ ತಂದು ತುಂಬಿಸಿಬಿಡು" ಎಂದು ಅಣ್ಣ ಅಡಿಯಿಂದಲೇ ಹೇಳಿದ.

ನಾನು ಒಳಗೆ ಹೋದೆ. ಬಾಟ್ಲಿ ಹಿಡಿದು ಹೊರಗೆ ಬರುವಾಗ ಡ್ರೈವರು, "ಟಪಾಲು ಬಂತಾ?" ಎಂದ. ಧಣಿಗಳೂ ನಕ್ಕರು, ಅವರಿಗೂ ಆ ಕಥೆ ಮುಟ್ಟಿತ್ತು. ನಾನು ಡಬ್ಬಿಗೆ ಬಾಟ್ಲಿ ಬಗ್ಗಿಸಿದೆ. ಇಂಜಿನ್ ಎಣ್ಣೆ ರಬ್ಬರನ್ನು ಊದಿಸುತ್ತದೆಂದು ಗೊತ್ತಿರಲಿಲ್ಲ ಎಂದು ಬರೆಯಬಹುದಿತ್ತು, ಐದನೆಯ ಕ್ಲಾಸಿನವಳು ಎಂದು ಯಾರಾದರೂ ನಂಬುತ್ತಿದ್ದರು. ನನಗೆ ಗೊತ್ತಿತ್ತು. ಸ್ವಲ್ಪವೇ ಅಲ್ಲವೇ, ಏನೂ ಆಗಲಿಕ್ಕಿಲ್ಲ ಎಂದುಕೊಂಡು ತುಂಬಿಸಿ ಮುಚ್ಚಳ ಹಾಕಿದೆ.

ಕಾರು ಚೆಂದವಾಗಿ ಹೋಯಿತು. ಕೆಲವು ದಿನ ಚೆಂದವಾಗಿಯೇ ಓಡಿತಂತೆ. ಮದುವೆಯ ಮರುದಿನ ಮದುಮಗಳನ್ನು ಬೆಳ್ತಂಗಡಿಯ ಕಡೆ ಗಂಡನ ಮನೆಗೆ ಕರೆದುಕೊಂಡು ಹೋಗುವಾಗ, ವೇಣೂರು ದಾಟಿ ಏರು ಹತ್ತುವಲ್ಲಿ ಇಂಜಿನು ಕಿರುಚಿತು, ಕಾರು ಮುಂದೆ ಹೋಗಲಿಲ್ಲ. ಊದಿದ ಬಟ್ಟಲು ಹಿಂದೆ ಸರಿಯದೆ ಕ್ಲಚ್ಚು ಅರ್ಧ ಒತ್ತಿದ ಹಾಗೆಯೇ ಉಳಿದಿರಬೇಕು. ಪ್ಲೇಟು ಉಜ್ಜಿ ಉಜ್ಜಿ ಹೊಗೆ ಎದ್ದಿತು. ಮದುಮಗಳು ಜರಿ ಸೀರೆ ಉಟ್ಟುಕೊಂಡು ಮರ ಸಾಗಿಸುವ ಲಾರಿಯಲ್ಲಿ ಗಂಡನ ಮನೆಯ ಅಂಗಳಕ್ಕೆ ಇಳಿದಳು.

ಕಾರನ್ನು ಮಂಗಳೂರಿಗೆ ಎಳೆದುಕೊಂಡು ಹೋದರು. ಇಂಜಿನು ಇಳಿಸಿದರೆ ಒಳಗೆ ಪ್ಲೇಟು ಸುಟ್ಟು ಕರಿಯಾಗಿತ್ತು. "ನಾವು ಮೊದಲೇ ಹೇಳಿರಲಿಲ್ಲವಾ?" ಎಂದರಂತೆ. ಹೊಸ ಪ್ಲೇಟು ಹಾಕಿದರು, ರಬ್ಬರುಗಳನ್ನೆಲ್ಲ ತೆಗೆದು ಎಸೆದು ಹೊಸತು ಹಾಕಿದರು. ಎಸೆದದ್ದನ್ನು ಯಾರೂ ನೋಡಿರಲಿಕ್ಕಿಲ್ಲ.

ಧಣಿ ಬೈಯಲಿಲ್ಲ. ಡ್ರೈವರನನ್ನು ಮಾತ್ರ ಕಳಿಸಿದರು. ಅವನು ಅಂಗಳದಲ್ಲಿ ನಿಂತು, ಅಣ್ಣನ ಮುಖ ನೋಡದೆ, "ಪ್ಲೇಟೇ ಅಂತೆ ಮೇಸ್ತ್ರಿ. ಧಣಿಗಳು ಹೇಳಿ ಬಾ ಅಂದ್ರು" ಎಂದು ಹೋದ. ಅವತ್ತು ಅವನಿಗೂ ನಗು ಬರಲಿಲ್ಲ.

ಅಣ್ಣ ಶೆಡ್ಡಿನ ಕಂಬಕ್ಕೆ ಒರಗಿ ಕೂತ. ಒಂದೊಂದನ್ನೇ ನೆನೆದು ಬೆರಳು ಮಡಚುತ್ತಿದ್ದ. "ಬಟ್ಟಲು ಹೊಸತು. ಕೊಳವೆ ಒರೆಸಿದ್ದೆ. ಕೈ ತೊಳೆದಿದ್ದೆ." ಕೊನೆಗೆ ನನ್ನನ್ನು ಕರೆದ.

"ಕಡೆಗೆ ಮೇಲೆ ಹೊಯ್ದದ್ದು ಯಾವುದು ನೀನು?"

"ನೀನು ಕಲಸಿಟ್ಟದ್ದು."

"ಅದೇ ಅಲ್ವಾ? ಬೇರೆ ಯಾವುದೂ ಅಲ್ಲ?"

"ಅದೇ."

ಅವನು ತಲೆ ಹೊರಗೆ ಹಾಕಿ ನೋಡಲಿಲ್ಲ. ಅಡುಗೆಮನೆಗೆ ಹೋಗಿ ಬಾಟ್ಲಿ ಮೂಸಿದ್ದರೆ ಸಾಕಿತ್ತು, ಅದರಲ್ಲಿ ಇನ್ನೂ ಕಾಲುಭಾಗ ಇಂಜಿನ್ ಎಣ್ಣೆ ಇತ್ತು. "ಹಾಗಾದ್ರೆ ನನ್ನ ಕಾಲೇ ತಪ್ಪಿದ್ದು" ಎಂದ. ನಾನು ಒಳಗೆ ಬಂದು ಬಾಟ್ಲಿಯನ್ನು ಬೂದಿ ಹಾಕಿ ತೊಳೆದೆ.

ಅವನು ಮಾತು ಉಳಿಸಿಕೊಂಡ. ಅಮ್ಮ ಅತ್ತಳು, ಬೇರೆ ಡ್ರೈವರುಗಳು ಬಂದು, "ಒಂದು ಕಾರು ತಪ್ಪಿದ್ರೆ ಎಂತ ಮೇಸ್ತ್ರಿ, ನೂರು ಸರಿ ಮಾಡಿದ್ದೀರಿ" ಎಂದರು. "ಆ ನೂರೂ ಸರಿ ಇತ್ತಾ ಅಂತ ಈಗ ನನಗೆ ಗೊತ್ತಾಗುದಿಲ್ಲ" ಎಂದ. ಆ ಮಾತು ಕೇಳಿದಾಗಲಾದರೂ ನಾನು ಹೇಳಬೇಕಿತ್ತು. ಆದರೆ ಬೆಳ್ತಂಗಡಿಯ ಸಂಬಂಧ ಗಟ್ಟಿಯಾಗುತ್ತಿತ್ತು. ಮದುವೆ ಮುಗಿಯಲಿ ಎಂದುಕೊಂಡೆ. ಮದುವೆ ಮುಗಿದು ಗಂಡನ ಮನೆಗೆ ಹೋದೆ. ಆಮೇಲೆ ಬಾಣಂತನ ಮುಗಿಯಲಿ ಎಂದುಕೊಂಡೆ.

ಅಣ್ಣ ಶೆಡ್ಡು ಕಿತ್ತು, ಮಾಣಿ ಎಂಬ ಊರಿನ ಕೂಡುರಸ್ತೆಯಲ್ಲಿ ಬಸ್ಸುಗಳ ಟೈಂ ಕೀಪರ್ ಆದ. ಒಂದು ಸ್ಟೂಲು, ಒಂದು ಗಡಿಯಾರ, ಒಂದು ಸೀಟಿ. ಗಂಡನ ಜೊತೆ ಆ ದಾರಿಯಲ್ಲಿ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದೆ. ಕಾಲಿಗೆ ದಪ್ಪ ಚಪ್ಪಲಿ ಬಂದಿತ್ತು. ಒಂದು ಸಲ ನಾವು ಅಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಒಂದು ಕಾರು ಗೇರು ಬೀಳದೆ ಕರಕರ ಎನ್ನುತ್ತಾ ನಿಂತಿತು. ಹಳೆಯ ಪರಿಚಯದ ಡ್ರೈವರು ಇಳಿದು, "ಮೇಸ್ತ್ರಿ, ಒಂದು ಸಲ ಕಾಲಿಟ್ಟು ನೋಡಿ, ನಿಮಗೆ ಪುಣ್ಯ ಉಂಟು" ಎಂದ.

"ನಾನು ಟೈಮು ನೋಡುವವ" ಎಂದು ಅಣ್ಣ ಮುಖ ತಿರುಗಿಸಿದ. ಆ ಕರಕರ ಕೇಳುತ್ತಿದ್ದಷ್ಟು ಹೊತ್ತೂ ಅವನ ತಲೆ ಒಂದು ಕಡೆಗೆ ವಾಲಿತ್ತು. ನಾನು ಅದನ್ನು ನೋಡಿದೆ.

ಅವನು ಎದೆಯ ಕಾಯಿಲೆಯಿಂದ ಮಲಗಿದ್ದಾನೆಂದು ತಿಳಿದು ಮಾಣಿಗೆ ಹೋದೆ. ಬಾಡಿಗೆ ಮನೆಯ ಚಾವಡಿಯಲ್ಲಿ ಚಾಪೆಯ ಮೇಲೆ ಮಲಗಿದ್ದ. ಕೂದಲು ಪೂರ್ತಿ ಬಿಳಿಯಾಗುವ ವಯಸ್ಸಲ್ಲ, ಆದರೂ ಆಗಿತ್ತು. ಇನ್ನೂ ಮುಂದೂಡಬಾರದು ಎಂದು ಅವನ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಪೊಲೀಸರು ಬಂದದ್ದು, ಬಾಳೆಯ ಬುಡ, ಇಂಜಿನ್ ಎಣ್ಣೆ, ನಾನು ಹೇಳಿದ ಸುಳ್ಳು. "ನಿನ್ನ ಕಾಲು ತಪ್ಪಲಿಲ್ಲ ಅಣ್ಣ. ಪ್ಲೇಟು ಸರಿ ಇತ್ತು. ನಾನು ಹಾಳು ಮಾಡಿದ್ದು" ಎಂದೆ.

ಅವನು ಕಣ್ಣು ಮುಚ್ಚಿ ಕೇಳಿದ. ಆಮೇಲೆ ನಕ್ಕ, ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಹೇಳಿದ:

"ಬೇಡ ಮಾರಾಯ್ತಿ. ಸಾಯುವವನಿಗೆ ಸಮಾಧಾನ ಆಗ್ಲಿ ಅಂತ ನೀನು ಇದೆಲ್ಲ ಕಟ್ಟಿಕೊಂಡು ಬರ್ಬೇಡ."

"ಕಟ್ಟಿದ್ದಲ್ಲ ಅಣ್ಣ, ನಿಜ. ಅಮ್ಮನಾಣೆ."

"ಆವತ್ತೇ ಕೇಳಿದ್ದೆ ನಿನ್ನಲ್ಲಿ. ಎರಡು ಸಲ ಕೇಳಿದ್ದೆ. ನೀನು ಅದೇ ಅಂದಿದ್ದಿ. ನೀನು ಸುಳ್ಳು ಹೇಳುವವಳಲ್ಲ ಅಂತ ನನಗೆ ಗೊತ್ತಿಲ್ವಾ?"

ನಾನು ಮತ್ತೆ ಹೇಳಿದೆ. ನೆರೆಮನೆಯ ಅಕ್ಕನ ಹೆಸರು ಹೇಳಿದೆ, ಅವಳು ತೀರಿಹೋಗಿದ್ದಳು. ಬಾಟ್ಲಿ ತೊಳೆದದ್ದು ಹೇಳಿದೆ. ಅವನು ನನ್ನ ಕೈ ಹಿಡಿದುಕೊಂಡು, ಮಗುವನ್ನು ಸುಮ್ಮನಿರಿಸುವಂತೆ ತಟ್ಟುತ್ತಿದ್ದ. ಒಳಗಿದ್ದ ಅತ್ತಿಗೆಯನ್ನು ಕರೆದು ಹೇಳಿದ:

"ನೋಡಿದ್ಯಾ? ತಂಗಿ ಅಂದ್ರೆ ಹೀಗಿರ್ಬೇಕು. ನನ್ನ ತಪ್ಪನ್ನು ತನ್ನ ತಲೆಗೆ ಹಾಕಿಕೊಳ್ಳಿಕ್ಕೆ ಬೆಳ್ತಂಗಡಿಯಿಂದ ಬಂದಿದ್ದಾಳೆ. ಉಪವಾಸ ಕಳಿಸ್ಬೇಡ ಅವಳನ್ನು."

ಅತ್ತಿಗೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಅವಳು ಶೆಡ್ಡಿನ ಕಾಲ ಕಂಡವಳಲ್ಲ, ಗಂಡನ ಮಾತು ಬಿಟ್ಟರೆ ಅವಳಿಗೆ ಬೇರೆ ಏನೂ ಗೊತ್ತಿರಲಿಲ್ಲ. ಬಾಳೆ ಎಲೆ ಹಾಕಿದಳು. ಮಕ್ಕಳಿಗೆಂದು ಇಟ್ಟಿದ್ದ ಬಂಗುಡೆಯ ದೊಡ್ಡ ತುಂಡನ್ನು ನನ್ನ ಎಲೆಗೆ ಬಡಿಸಿ, "ನಿಮ್ಮಂಥವರು ಇರ್ಬೇಕು" ಎಂದಳು. ಚಾವಡಿಯಿಂದ ಅಣ್ಣ, "ಇನ್ನೊಂದು ತುಂಡು ಹಾಕು" ಎನ್ನುತ್ತಿದ್ದ.

ನಾನು ಬೇಡವೆನ್ನಲಿಲ್ಲ. ತಲೆ ತಗ್ಗಿಸಿ ಪೂರ್ತಿ ಉಂಡೆ.